ನಿವೃತ್ತಿಯ ನಂತರದ ದೋಷಾರೋಪಣೆ: ಪಿಂಚಣಿಗೆ ಸರ್ಕಾರ ಎಲ್ಲಿಯವರೆಗೆ ಕೈ ಹಾಕಬಹುದು?

ಪ್ರಶ್ನೆ: ನಾನು ರಾಜ್ಯ ಸರ್ಕಾರದ ಒಂದು ಇಲಾಖೆಯಲ್ಲಿ ಕಿರಿಯ ಇಂಜಿನಿಯರ್ ಆಗಿದ್ದು 2022ರ ಮೇ 31ರಂದು ವಯೋನಿವೃತ್ತಿ ಹೊಂದಿದೆ. ಸೇವೆಯಲ್ಲಿ ಎಂದೂ ಅಮಾನತಾದವನಲ್ಲ. ಗ್ರಾಮೀಣ ರಸ್ತೆ ಕಾಮಗಾರಿಯೊಂದರ ಬಗ್ಗೆ ದೂರು ಬಾಕಿ ಇದೆ ಎಂದು ಅಂದಿನಿಂದ ತಾತ್ಕಾಲಿಕ ಪಿಂಚಣಿ ಮಾತ್ರ ಕೊಡುತ್ತಿದ್ದಾರೆ, ಉಪದಾನ (ಗ್ರಾಚ್ಯುಟಿ) ಕೊಟ್ಟಿಲ್ಲ. 2023ರ ಸೆಪ್ಟೆಂಬರ್ 18ರ ದಿನಾಂಕದ ದೋಷಾರೋಪಣ ಪಟ್ಟಿ ಬಂತು. ಅದರಲ್ಲಿ ಎರಡು ಆರೋಪಗಳಿವೆ. 2019ರ ಫೆಬ್ರವರಿಯಲ್ಲಿ ಅಳತೆ ಪುಸ್ತಕದಲ್ಲಿ ಹೆಚ್ಚಿನ ಪ್ರಮಾಣ ದಾಖಲಿಸಿದ್ದೇನೆ ಎಂಬುದು ಮೊದಲನೆಯದು. ಅದೇ ವರ್ಷದ ನವೆಂಬರಿನಲ್ಲಿ ಗುಣಮಟ್ಟದ ಪರೀಕ್ಷಾ ವರದಿ ನೋಡದೆ ಅಂತಿಮ ಬಿಲ್ಲಿಗೆ ಸಹಿ ಹಾಕಿದ್ದೇನೆ ಎಂಬುದು ಎರಡನೆಯದು. ವಿಚಾರಣಾಧಿಕಾರಿಗಳು ಮೊದಲನೆಯದು ಸಾಬೀತಾಗಿದೆ ಎಂದಿದ್ದಾರೆ. ಎರಡನೆಯದರಲ್ಲಿ 'ನಿರ್ಲಕ್ಷ್ಯ ಕಂಡುಬರುತ್ತದೆ' ಎಂದಷ್ಟೇ ಬರೆದಿದ್ದಾರೆ. ಈಗ ಶೇ. 50ರಷ್ಟು ಪಿಂಚಣಿಯನ್ನು ಶಾಶ್ವತವಾಗಿ ಏಕೆ ತಡೆಹಿಡಿಯಬಾರದು ಎಂದು ಮುಖ್ಯ ಇಂಜಿನಿಯರರ ಸಹಿಯಲ್ಲಿ ನೋಟಿಸು ಬಂದಿದೆ. ಸರ್ಕಾರ ಕೊಟ್ಟದ್ದನ್ನು ಸರ್ಕಾರ ಕಿತ್ತುಕೊಳ್ಳಬಹುದು, ಪೂರ್ತಿಯೂ ಹೋಗಬಹುದು ಎಂದು ಪರಿಚಯದವರು ಹೆದರಿಸುತ್ತಿದ್ದಾರೆ. ನನ್ನ ನಂತರ ಹೆಂಡತಿಯ ಗತಿ ಏನು ಎಂಬುದೇ ದೊಡ್ಡ ಚಿಂತೆ.

ಉತ್ತರ: ನಿಮ್ಮ ಪತ್ರದಲ್ಲಿ ನಾನು ಮೊದಲು ಹುಡುಕಿದ್ದು ತಾರೀಖುಗಳನ್ನು. ಇಂಥ ಪ್ರಕರಣಗಳಲ್ಲಿ ತಪ್ಪು ನಡೆಯಿತೇ ಇಲ್ಲವೇ ಎಂಬ ವಾದಕ್ಕೆ ಎಲ್ಲರೂ ಮೊದಲೇ ಇಳಿದುಬಿಡುತ್ತಾರೆ. ಆ ತಪ್ಪನ್ನು ಈಗ ಕೇಳುವ ಅಧಿಕಾರ ಸರ್ಕಾರಕ್ಕೆ ಉಳಿದಿದೆಯೇ ಎಂದು ಯಾರೂ ನೋಡುವುದಿಲ್ಲ. ನಿಮ್ಮ ಎರಡು ಆರೋಪಗಳಲ್ಲಿ ಒಂದು, ನನ್ನ ಅಭಿಪ್ರಾಯದಲ್ಲಿ, ಕಾಲಮಿತಿ ಮೀರಿ ಬಿದ್ದುಹೋಗಿದೆ. ಇನ್ನೊಂದು ಆರೋಪ ಎರಡು ತಿಂಗಳ ಅಂತರದಲ್ಲಿ ಉಳಿದುಕೊಂಡಿದೆ. ಅದರ ವಿವರಕ್ಕೆ ಹೋಗುವ ಮೊದಲು ನಿಮ್ಮ ಪರಿಚಯದವರ ಮಾತಿಗೆ ಉತ್ತರ ಕೊಡುತ್ತೇನೆ, ಏಕೆಂದರೆ ಆ ಮಾತು ನಿವೃತ್ತರಲ್ಲಿ ಅನಗತ್ಯವಾದ ಅಂಜಿಕೆ ಹುಟ್ಟಿಸಿದೆ.

ಪಿಂಚಣಿ ಸರ್ಕಾರದ ದಯೆಯಲ್ಲ. ದೇವಕಿನಂದನ್ ಪ್ರಸಾದ್ ವಿರುದ್ಧ ಬಿಹಾರ ರಾಜ್ಯ ಪ್ರಕರಣದಲ್ಲಿ, 1971ರಲ್ಲೇ, ಸುಪ್ರೀಂ ಕೋರ್ಟ್ ಅದನ್ನು ನೌಕರನ ಆಸ್ತಿ ಎಂದು ಹೇಳಿತು. 1982ರ ಡಿಸೆಂಬರ್ 17ರ ಡಿ.ಎಸ್. ನಕಾರಾ ತೀರ್ಪು ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ನಮ್ಮ ನಿವೃತ್ತ ನೌಕರರ ಸಂಘಗಳು ಆ ದಿನವನ್ನು ಪಿಂಚಣಿದಾರರ ದಿನವಾಗಿ ಆಚರಿಸುವುದು ಅದಕ್ಕಾಗಿಯೇ. ಮುಂದೆ 2013ರಲ್ಲಿ ಜಾರ್ಖಂಡ್ ರಾಜ್ಯ ವಿರುದ್ಧ ಜಿತೇಂದ್ರ ಕುಮಾರ್ ಶ್ರೀವಾಸ್ತವ ಪ್ರಕರಣದಲ್ಲಿ ಅದೇ ನ್ಯಾಯಾಲಯ ಸಂವಿಧಾನದ 300ಎ ವಿಧಿಯನ್ನು ಮುಂದಿಟ್ಟಿತು: ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ, ಪಿಂಚಣಿಯೂ ಆಸ್ತಿಯೇ, ಸುತ್ತೋಲೆ ಕಾನೂನಲ್ಲ.

ಇಷ್ಟನ್ನು ಓದಿ ಕೆಲವರು ಮತ್ತೊಂದು ತುದಿಗೆ ಹೋಗುತ್ತಾರೆ. ಪಿಂಚಣಿಯನ್ನು ಮುಟ್ಟಲು ಸಾಧ್ಯವೇ ಇಲ್ಲ ಎಂದುಕೊಳ್ಳುತ್ತಾರೆ. ಶ್ರೀವಾಸ್ತವ ತೀರ್ಪನ್ನು ಕರ್ನಾಟಕದ ಪ್ರತಿ ಮನವಿಯಲ್ಲೂ ಉಲ್ಲೇಖಿಸುವವರನ್ನು ನಾನು ಕಂಡಿದ್ದೇನೆ. ಅಲ್ಲಿ ನೌಕರ ಗೆದ್ದದ್ದು, ವಿಚಾರಣೆ ಬಾಕಿ ಇರುವಾಗಲೇ ಹಣ ತಡೆಯಲು ಅಂದಿನ ನಿಯಮದಲ್ಲಿ ಅವಕಾಶವಿರಲಿಲ್ಲ ಎಂಬ ಕಾರಣಕ್ಕೆ. ನಮ್ಮಲ್ಲಿ ನಿಯಮವೇ ಇದೆ. ಆದ್ದರಿಂದ ನಮ್ಮ ವಾದ ನಡೆಯಬೇಕಾದದ್ದು ಆ ನಿಯಮದ ಒಳಗೆ, ಅದು ಸರ್ಕಾರಕ್ಕೆ ಹಾಕಿರುವ ಬೇಲಿಗಳನ್ನು ಹಿಡಿದು.

ಆ ನಿಯಮ ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ, ಅಂದರೆ ಕೆಸಿಎಸ್‌ಆರ್‌ನ, 214ನೆಯದು. ಕೇಂದ್ರ ನೌಕರರಿಗೆ ಬಹುಮಟ್ಟಿಗೆ ಇದೇ ಮಾತು 1972ರ ಪಿಂಚಣಿ ನಿಯಮಗಳ 9ನೇ ನಿಯಮದಲ್ಲಿತ್ತು, ಈಗ 2021ರ ನಿಯಮಗಳಲ್ಲಿದೆ. ಸೇವಾವಧಿಯಲ್ಲಿ ಗಂಭೀರ ದುರ್ನಡತೆ ಅಥವಾ ನಿರ್ಲಕ್ಷ್ಯ ಎಸಗಿದ್ದು ಇಲಾಖಾ ವಿಚಾರಣೆಯಲ್ಲೋ ನ್ಯಾಯಾಲಯದಲ್ಲೋ ಸಾಬೀತಾದರೆ, ಪಿಂಚಣಿಯನ್ನು ಪೂರ್ತಿಯಾಗಿ ಅಥವಾ ಭಾಗಶಃ, ಶಾಶ್ವತವಾಗಿ ಅಥವಾ ನಿಗದಿತ ಅವಧಿಗೆ ತಡೆಯುವ ಹಕ್ಕನ್ನು ಸರ್ಕಾರ ಇದರಡಿ ಉಳಿಸಿಕೊಂಡಿದೆ. ಸರ್ಕಾರಕ್ಕೆ ಆದ ಹಣದ ನಷ್ಟವನ್ನು ವಸೂಲು ಮಾಡುವ ಹಕ್ಕೂ ಇದೆ. ಹಾಗಾಗಿ 'ಪೂರ್ತಿಯೂ ಹೋಗಬಹುದು' ಎಂಬುದು ಕಾಗದದ ಮೇಲೆ ಸುಳ್ಳಲ್ಲ. ಆದರೆ ನಿಮಗೆ ಕೊಟ್ಟ ನೋಟಿಸಿನಲ್ಲಿ ಇರುವುದು ಶೇ. 50. ಹೊಸ ನೋಟಿಸು ಕೊಟ್ಟು ನಿಮ್ಮ ಮಾತು ಕೇಳದೆ ಅದಕ್ಕಿಂತ ಹೆಚ್ಚು ಕಡಿತಗೊಳಿಸಿದರೆ ಆ ಆದೇಶ ನಿಲ್ಲುವುದಿಲ್ಲ. ಪಿಂಚಣಿ ಕಡಿತಕ್ಕೆ ಮೊದಲು ಅಹವಾಲು ಕೇಳಲೇಬೇಕು ಎಂಬುದು ಪಂಜಾಬ್ ರಾಜ್ಯ ವಿರುದ್ಧ ಕೆ.ಆರ್. ಎರ್ರಿ ಪ್ರಕರಣದಲ್ಲಿ, 1972ರಲ್ಲಿ, ಇತ್ಯರ್ಥವಾದ ವಿಷಯ.

ಈಗ ತಾರೀಖಿಗೆ ಬರೋಣ. ನೌಕರ ಸೇವೆಯಲ್ಲಿದ್ದಾಗಲೇ ವಿಚಾರಣೆ ಆರಂಭವಾಗಿದ್ದರೆ ಅದು ನಿವೃತ್ತಿಯ ನಂತರವೂ ಮುಂದುವರಿಯುತ್ತದೆ, ಕಾಲಮಿತಿಯ ಪ್ರಶ್ನೆ ಏಳುವುದಿಲ್ಲ. ನಿವೃತ್ತಿಯ ನಂತರ ಆರಂಭಿಸುವುದಾದರೆ 214(2)(ಬಿ) ಎರಡು ದೊಡ್ಡ ಷರತ್ತುಗಳನ್ನು ಹಾಕುತ್ತದೆ. ಸರ್ಕಾರದ ಮಂಜೂರಾತಿ ಇರಬೇಕು. ವಿಚಾರಣೆ ಆರಂಭವಾದ ದಿನಕ್ಕಿಂತ ನಾಲ್ಕು ವರ್ಷ ಹಿಂದೆ ನಡೆದ ಘಟನೆಯ ಬಗ್ಗೆ ವಿಚಾರಣೆ ನಡೆಸುವಂತಿಲ್ಲ. ಆರಂಭ ಎಂದರೆ ಯಾವ ದಿನ ಎಂಬುದನ್ನೂ ನಿಯಮವೇ ಹೇಳಿದೆ: ದೋಷಾರೋಪಣ ಪಟ್ಟಿ ಹೊರಡಿಸಿದ ದಿನ, ಅಥವಾ ಅದಕ್ಕೂ ಮೊದಲು ನೌಕರನನ್ನು ಅಮಾನತಿನಲ್ಲಿಟ್ಟಿದ್ದರೆ ಅಮಾನತಿನ ದಿನ. ನೀವು ಅಮಾನತಾಗಿರಲಿಲ್ಲ. ಆದ್ದರಿಂದ ಲೆಕ್ಕ ಶುರುವಾಗುವುದು 2023ರ ಸೆಪ್ಟೆಂಬರ್ 18ರಿಂದ. ಅಲ್ಲಿಂದ ನಾಲ್ಕು ವರ್ಷ ಹಿಂದಕ್ಕೆ ಎಣಿಸಿದರೆ 2019ರ ಸೆಪ್ಟೆಂಬರ್ 18. ಫೆಬ್ರವರಿಯ ಅಳತೆ ದಾಖಲೆ ಅದಕ್ಕಿಂತ ಏಳು ತಿಂಗಳು ಹಿಂದಿನದು. ಅದು ಸಾಬೀತಾಗಿದೆ ಎಂದು ವಿಚಾರಣಾಧಿಕಾರಿಗಳು ಬರೆದಿರಬಹುದು. ಆದರೆ ಆ ಆರೋಪವನ್ನು ಪಟ್ಟಿಯಲ್ಲಿ ಸೇರಿಸುವ ಅಧಿಕಾರವೇ ಇರಲಿಲ್ಲವಾದ್ದರಿಂದ ಅದರ ಮೇಲಿನ ತೀರ್ಮಾನವನ್ನು ಪಿಂಚಣಿ ಕಡಿತಕ್ಕೆ ಬಳಸುವಂತಿಲ್ಲ.

ಇಲಾಖೆ ಇದಕ್ಕೆ ಏನು ಹೇಳುತ್ತದೆ ಎಂಬುದು ನನಗೆ ಅಂದಾಜಿದೆ. ಅಕ್ರಮ ಬೆಳಕಿಗೆ ಬಂದದ್ದೇ 2021ರ ಲೆಕ್ಕ ತಪಾಸಣೆಯಲ್ಲಿ ಎನ್ನಬಹುದು. ಪ್ರಾಥಮಿಕ ತನಿಖೆಯ ನೋಟಿಸನ್ನು ನಿವೃತ್ತಿಗೆ ಮೊದಲೇ ಕೊಟ್ಟಿದ್ದೆವು ಎನ್ನಬಹುದು. ಮೊದಲ ಮಾತಿಗೆ ಉತ್ತರ ನಿಯಮದ ಪದದಲ್ಲೇ ಇದೆ: ಅದು ಹೇಳುವುದು ಘಟನೆ 'ನಡೆದ' ದಿನವನ್ನು, ಗೊತ್ತಾದ ದಿನವನ್ನಲ್ಲ. ಎರಡನೆಯ ಮಾತಿಗೂ ನಿಯಮದ ವ್ಯಾಖ್ಯೆಯೇ ಉತ್ತರ. ಪ್ರಾಥಮಿಕ ತನಿಖೆ, ವಿವರಣೆ ಕೇಳಿದ ಪತ್ರ, ಲೋಕಾಯುಕ್ತ ಸಂಸ್ಥೆಯಿಂದ ಬರುವ ಆಕ್ಷೇಪಣೆ ಕೇಳುವ ನೋಟಿಸು, ವಿಚಾರಣೆಯನ್ನು ಒಪ್ಪಿಸಿ ಹೊರಡಿಸುವ ಸರ್ಕಾರಿ ಆದೇಶ, ಇವು ಯಾವುವೂ ವಿಚಾರಣೆಯ ಆರಂಭವಲ್ಲ. ದೂರು ಬಂದು, ತನಿಖೆ ನಡೆದು, ಶಿಫಾರಸು ಹೋಗಿ, ಕಡತ ಸಚಿವಾಲಯದಲ್ಲಿ ತಿರುಗಿ ಬರುವಷ್ಟರಲ್ಲಿ ನಾಲ್ಕು ವರ್ಷ ಕಳೆದುಹೋಗುವುದು ನಮ್ಮ ರಾಜ್ಯದಲ್ಲಿ ಹೊಸದಲ್ಲ. ಆ ವಿಳಂಬದ ಬೆಲೆಯನ್ನು ನಿವೃತ್ತನ ತಲೆಗೆ ಕಟ್ಟಬಾರದೆಂದೇ ಈ ಮಿತಿ ಇರುವುದು. ಅರುವತ್ತು ದಾಟಿದವನ ಬಳಿ ಅಳತೆ ಪುಸ್ತಕವಿರುವುದಿಲ್ಲ, ಕಾಮಗಾರಿ ಸ್ಥಳದ ಚಿತ್ರಗಳಿರುವುದಿಲ್ಲ, ಸಾಕ್ಷಿ ಹೇಳಬೇಕಾದ ಸಹೋದ್ಯೋಗಿಗಳು ಬೇರೆ ಬೇರೆ ಊರಿಗೆ ಹೋಗಿರುತ್ತಾರೆ. ಬಿಹಾರ ರಾಜ್ಯ ವಿರುದ್ಧ ಮೊಹಮ್ಮದ್ ಇದ್ರಿಸ್ ಅನ್ಸಾರಿ ಪ್ರಕರಣದಲ್ಲಿ 1986–87ರ ಘಟನೆಗಳಿಗೆ 1993ರಲ್ಲಿ, ನಿವೃತ್ತಿಯ ನಂತರ, ನೋಟಿಸು ಕೊಟ್ಟಿದ್ದರು. ಅಲ್ಲಿನ ನಿಯಮದಲ್ಲೂ ಇದೇ ನಾಲ್ಕು ವರ್ಷದ ಮಿತಿ ಇತ್ತು. 1995ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಒಪ್ಪಲಿಲ್ಲ.

ಈ ಆಕ್ಷೇಪವನ್ನು ವಿಚಾರಣೆಯಲ್ಲಿ ಎತ್ತಿರಲಿಲ್ಲ, ಈಗ ತಡವಾಯಿತೇ ಎಂದು ನೀವು ಕೇಳಬಹುದು. ತಡವಾಗಿಲ್ಲ. ಇದು ಅಧಿಕಾರದ ಬುಡವನ್ನೇ ಮುಟ್ಟುವ ಆಕ್ಷೇಪ, ನೀವು ಸುಮ್ಮನಿದ್ದಿರಿ ಎಂಬ ಕಾರಣಕ್ಕೆ ಇಲ್ಲದ ಅಧಿಕಾರ ಹುಟ್ಟುವುದಿಲ್ಲ. ಆದರೆ ಈಗಿನ ಉತ್ತರದಲ್ಲಿ ಅದನ್ನು ಮೊದಲ ಪುಟದಲ್ಲೇ, ತಾರೀಖುಗಳ ಸಮೇತ ಬರೆಯಿರಿ.

ಒಂದು ಎಚ್ಚರಿಕೆ. ನಾಲ್ಕು ವರ್ಷ ಕಳೆಯಿತೆಂದು ಕ್ರಿಮಿನಲ್ ಮೊಕದ್ದಮೆಯಿಂದ ರಕ್ಷಣೆ ಸಿಗುವುದಿಲ್ಲ. ಪಂಜಾಬ್ ರಾಜ್ಯ ವಿರುದ್ಧ ಕೈಲಾಶ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಮಿತಿ ಇರುವುದು ಪಿಂಚಣಿಯನ್ನು ಮುಟ್ಟುವುದಕ್ಕೆ, ಅಪರಾಧಕ್ಕೆ ಮೊಕದ್ದಮೆ ಹೂಡುವುದಕ್ಕಲ್ಲ. ನಿಮ್ಮ ಮೇಲೆ ಅಂಥ ಮೊಕದ್ದಮೆ ಇರುವಂತೆ ಪತ್ರದಲ್ಲಿ ಕಾಣುವುದಿಲ್ಲ. ಇದನ್ನು ಓದುವ ಬೇರೆಯವರು ಗೊಂದಲ ಮಾಡಿಕೊಳ್ಳಬಾರದೆಂದು ಹೇಳಿದೆ.

ಎರಡನೇ ಆರೋಪ ಕಾಲಮಿತಿಯೊಳಗಿದೆ. ನವೆಂಬರಿನ ಅಂತಿಮ ಬಿಲ್ಲು ಸೆಪ್ಟೆಂಬರ್ 18ರ ಈಚಿನದು. ಇಲ್ಲಿ ನಿಮ್ಮ ಆಸರೆ 'ಗಂಭೀರ' ಎಂಬ ಒಂದು ಪದ. ಇದರ ಬಗ್ಗೆ ಪ್ರತಿಯೊಬ್ಬ ನಿವೃತ್ತ ನೌಕರನೂ ತಿಳಿದಿರಬೇಕಾದ ತೀರ್ಪು ಡಿ.ವಿ. ಕಪೂರ್ ವಿರುದ್ಧ ಭಾರತ ಒಕ್ಕೂಟ, 1990ನೇ ವರ್ಷದ್ದು. ಕಪೂರ್ ಲಂಡನ್ನಿನ ಭಾರತೀಯ ಹೈಕಮಿಷನ್ ಕಚೇರಿಯಲ್ಲಿ ನೌಕರರಾಗಿದ್ದರು. ದೆಹಲಿಗೆ ವರ್ಗವಾಯಿತು. ಹೆಂಡತಿಯ ಕಾಯಿಲೆಯ ಕಾರಣದಿಂದ ಹೊರಡಲಾಗಲಿಲ್ಲ, ರಜೆ ಕೇಳಿದರು, ನಿವೃತ್ತಿ ಕೇಳಿದರು. ಅನಧಿಕೃತ ಗೈರುಹಾಜರಿಯ ಆರೋಪದ ಮೇಲೆ ವಿಚಾರಣೆ ನಡೆದು ಪಿಂಚಣಿ ಮತ್ತು ಉಪದಾನ ಎರಡನ್ನೂ ಪೂರ್ತಿಯಾಗಿ, ಶಾಶ್ವತವಾಗಿ ತಡೆಹಿಡಿದರು. ಗೈರುಹಾಜರಿ ನಡೆದದ್ದು ನಿಜವಾದರೂ ಅದು ಬೇಕೆಂದೇ ಮಾಡಿದ್ದಲ್ಲ ಎಂಬುದು ವಿಚಾರಣೆಯಲ್ಲೇ ಕಂಡುಬಂದಿತ್ತು. ಗಂಭೀರ ದುರ್ನಡತೆ ಅಥವಾ ನಿರ್ಲಕ್ಷ್ಯ ನಡೆದಿದೆ ಎಂಬ ತೀರ್ಮಾನ ವಿಚಾರಣೆಯಲ್ಲಿ ದಾಖಲಾಗದೆ ರಾಷ್ಟ್ರಪತಿಗೂ ಪಿಂಚಣಿ ತಡೆಯುವ ಅಧಿಕಾರ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು.

ನಿಮ್ಮ ವರದಿಯನ್ನು ಈ ಬೆಳಕಿನಲ್ಲಿ ಓದಿ. 'ನಿರ್ಲಕ್ಷ್ಯ ಕಂಡುಬರುತ್ತದೆ' ಎಂದಿದೆ. ಅದು ಎಷ್ಟು ಗಂಭೀರ, ಉದ್ದೇಶವೇನು, ಪರೀಕ್ಷಾ ವರದಿ ನೋಡುವ ಹೊಣೆ ನಿಮ್ಮದೋ ಮೇಲಿನ ಸಹಾಯಕ ಕಾರ್ಯಪಾಲಕ ಇಂಜಿನಿಯರರದೋ, ಇದರಿಂದ ಸರ್ಕಾರಕ್ಕೆ ಎಷ್ಟು ನಷ್ಟವಾಯಿತು, ಅದರಲ್ಲಿ ನಿಮ್ಮ ಪಾಲೆಷ್ಟು ಎಂಬ ಯಾವ ಮಾತೂ ನೀವು ಬರೆದಿರುವುದರಲ್ಲಿ ಇಲ್ಲ. ಇಲಾಖೆಯ ಪರ ವಕೀಲರು ಇಲ್ಲೊಂದು ವಾದ ಹೂಡುತ್ತಾರೆ. ನಿಯಮದಲ್ಲಿ ಇರುವುದು 'ಗಂಭೀರ ದುರ್ನಡತೆ ಅಥವಾ ನಿರ್ಲಕ್ಷ್ಯ', ಗಂಭೀರ ಎಂಬುದು ದುರ್ನಡತೆಗೆ ಮಾತ್ರ ಅನ್ವಯ, ನಿರ್ಲಕ್ಷ್ಯವಾದರೆ ಎಂಥದ್ದಾದರೂ ಸಾಕು ಎನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಸೇವೆಯಲ್ಲಿರುವಾಗ ಛೀಮಾರಿಯಲ್ಲಿ ಅಥವಾ ಒಂದು ವೇತನ ಬಡ್ತಿಯ ತಡೆಯಲ್ಲಿ ಮುಗಿಯಬಹುದಾದ ಸಣ್ಣ ಲೋಪಕ್ಕೆ, ನಿವೃತ್ತನಾದ ಒಂದೇ ಕಾರಣಕ್ಕೆ, ಬದುಕಿನುದ್ದದ ಅರ್ಧ ಪಿಂಚಣಿ ಕಳೆದುಕೊಳ್ಳಬೇಕೆಂದು ನಿಯಮ ಬರೆದವರು ಬಯಸಿರಲಾರರು. ಹಾಗೆಂದು ಗಂಭೀರತೆಯನ್ನು ಹಣದ ನಷ್ಟದಿಂದ ಮಾತ್ರ ಅಳೆಯಬೇಕು ಎಂಬ ಪ್ರತಿವಾದವನ್ನು ನೀವು ಹೂಡಬೇಡಿ. ಭಾರತ ಒಕ್ಕೂಟ ವಿರುದ್ಧ ಬಿ. ದೇವ್ ಪ್ರಕರಣದಲ್ಲಿ, 1998ರಲ್ಲಿ, ನಷ್ಟವಾಗದಿದ್ದರೂ ದುರ್ನಡತೆ ಗಂಭೀರವಾಗಿರಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ವಾದ ಸರಳವಾಗಿರಲಿ: ಗಂಭೀರ ಎಂಬ ತೀರ್ಮಾನ ವರದಿಯಲ್ಲಿ ಇಲ್ಲ, ಅದಕ್ಕೆ ಬೇಕಾದ ಸಂಗತಿಗಳೂ ಇಲ್ಲ.

ನಿವೃತ್ತರಿಗೆ ಛೀಮಾರಿ, ಬಡ್ತಿ ತಡೆ, ವಜಾ ಇವೆಲ್ಲ ಅನ್ವಯಿಸುವುದಿಲ್ಲ, ಏಕೆಂದರೆ ಸೇವೆಯೇ ಮುಗಿದಿದೆ. ಉಳಿದಿರುವುದು 214ರ ಒಂದೇ ದಾರಿ. ಆದ್ದರಿಂದ ಎರಡನೇ ಆರೋಪ 'ಗಂಭೀರ'ದ ಮಟ್ಟ ಮುಟ್ಟದಿದ್ದರೆ ಪ್ರಕರಣವನ್ನು ಕೈಬಿಡಬೇಕಾಗುತ್ತದೆ.

ಇನ್ನು ನೋಟಿಸಿನ ಸಹಿ. ಪಿಂಚಣಿ ತಡೆಯುವ ಅಧಿಕಾರ ನಿಯಮದ ಪ್ರಕಾರ ಸರ್ಕಾರದ್ದು, ಇಲಾಖಾ ಮುಖ್ಯಸ್ಥರದ್ದಲ್ಲ. ಸೇವೆಯಲ್ಲಿದ್ದಾಗ ಕೆಳಗಿನ ಪ್ರಾಧಿಕಾರಿ ಆರಂಭಿಸಿದ ವಿಚಾರಣೆಯಲ್ಲೂ ಅವರು ತಮ್ಮ ತೀರ್ಮಾನವನ್ನು ಸರ್ಕಾರಕ್ಕೆ ವರದಿ ಮಾಡಬಹುದಷ್ಟೆ. ಮುಖ್ಯ ಇಂಜಿನಿಯರರು ಸರ್ಕಾರದ ಆದೇಶದಂತೆ ನೋಟಿಸು ರವಾನಿಸಿದ್ದಾರೆಯೇ, ತಾವೇ ಕಡಿತ ಪ್ರಸ್ತಾಪಿಸಿದ್ದಾರೆಯೇ ಎಂದು ನೋಡಿ. ಅದರ ಜೊತೆಗೆ ದೋಷಾರೋಪಣ ಪಟ್ಟಿ ಹೊರಡುವ ಮೊದಲೇ 214(2)(ಬಿ) ಅಡಿ ಮಂಜೂರಾತಿ ಪಡೆದ ಸರ್ಕಾರಿ ಆದೇಶವಿದೆಯೇ ಎಂಬುದು ಮುಖ್ಯ. ಮಾಹಿತಿ ಹಕ್ಕಿನಡಿ ಆ ಆದೇಶದ ಮತ್ತು ಕಡತದ ಟಿಪ್ಪಣಿ ಹಾಳೆಗಳ ಪ್ರತಿಗೆ ಇಂದೇ ಅರ್ಜಿ ಹಾಕಿ. ಮಂಜೂರಾತಿ ಇಲ್ಲದಿದ್ದರೆ ಎರಡೂ ಆರೋಪಗಳು ಒಟ್ಟಿಗೆ ಬೀಳುತ್ತವೆ.

ಅಂತಿಮ ಆದೇಶಕ್ಕೆ ಮೊದಲು ಲೋಕಸೇವಾ ಆಯೋಗದ ಅಭಿಪ್ರಾಯ ಪಡೆಯುವ ಹಂತವೂ ಇದೆ. ಆಯೋಗದ ಅಭಿಪ್ರಾಯವನ್ನು ನೆಚ್ಚಿ ಶಿಕ್ಷೆ ಕೊಡುವುದಾದರೆ ಅದರ ಪ್ರತಿಯನ್ನು ನೌಕರನಿಗೆ ಮೊದಲೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಭಾರತ ಒಕ್ಕೂಟ ವಿರುದ್ಧ ಎಸ್.ಕೆ. ಕಪೂರ್ ಪ್ರಕರಣದಲ್ಲಿ, 2011ರಲ್ಲಿ, ಹೇಳಿದೆ. ಇಂಥ ಹಂತಗಳು ಬರೀ ಔಪಚಾರಿಕ ಎಂದು ಕಚೇರಿಗಳಲ್ಲಿ ಭಾವಿಸುತ್ತಾರೆ. 2025ರ ಜುಲೈನಲ್ಲಿ ವಿಜಯ್ ಕುಮಾರ್ ವಿರುದ್ಧ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಪ್ರಕರಣ ಆ ಭಾವನೆಗೆ ಸರಿಯಾದ ಪೆಟ್ಟು ಕೊಟ್ಟಿತು. ಅಲ್ಲಿ ಅಧಿಕಾರಿಯೊಬ್ಬರ ಪಿಂಚಣಿಯ ಮೂರನೇ ಒಂದು ಭಾಗವನ್ನು ಬ್ಯಾಂಕು ಕಡಿತಗೊಳಿಸಿತ್ತು. ಪೂರ್ಣ ಪಿಂಚಣಿಗಿಂತ ಕಡಿಮೆ ಕೊಡುವ ಮೊದಲು ನಿರ್ದೇಶಕ ಮಂಡಳಿಯೊಂದಿಗೆ ಸಮಾಲೋಚಿಸಬೇಕೆಂದು ಬ್ಯಾಂಕಿನ ಪಿಂಚಣಿ ನಿಯಮಾವಳಿಯಲ್ಲಿತ್ತು, ಅದು ನಡೆದಿರಲಿಲ್ಲ. ಪಿಂಚಣಿ ಆಸ್ತಿಯ ಹಕ್ಕಾದ್ದರಿಂದ ಅದನ್ನು ಕಾಯುವ ಈ ಹಂತವನ್ನು ದಾಟಿ ಹೋಗುವಂತಿಲ್ಲ, ಆಮೇಲೆ ಒಪ್ಪಿಗೆ ಪಡೆದರೂ ಸಾಲದು ಎಂದು ನ್ಯಾಯಾಲಯ ಆದೇಶವನ್ನು ತಳ್ಳಿಹಾಕಿ ವಿಷಯವನ್ನು ಮಂಡಳಿಯ ಮುಂದಿಡಲು ಹೇಳಿತು. ಅದು ಬ್ಯಾಂಕಿನ ನಿಯಮದ ತೀರ್ಪಾದರೂ ನಿಮ್ಮ ಉತ್ತರದಲ್ಲಿ ಉಲ್ಲೇಖಿಸಲು ತಕ್ಕದ್ದು.

ಉಪದಾನದ ವಿಷಯದಲ್ಲಿ ನಿಮಗೆ ಆದ ಅನ್ಯಾಯವನ್ನು ನೀವೇ ಗಮನಿಸಿಲ್ಲ ಎನಿಸುತ್ತದೆ. ಇಲಾಖಾ ವಿಚಾರಣೆ ಅಥವಾ ನ್ಯಾಯಾಲಯದ ಪ್ರಕರಣ ಬಾಕಿ ಇದ್ದರೆ ತಾತ್ಕಾಲಿಕ ಪಿಂಚಣಿ ಕೊಟ್ಟು, ಅದು ಮುಗಿಯುವ ತನಕ ಉಪದಾನ ತಡೆಯಲು ಕೆಸಿಎಸ್‌ಆರ್‌ನಲ್ಲಿ ಅವಕಾಶವಿದೆ. ಆದರೆ ನೀವು ನಿವೃತ್ತರಾದ 2022ರ ಮೇ 31ರಂದು ಬಾಕಿ ಇದ್ದದ್ದು ಏನು? ದೂರು ಮಾತ್ರ. ದೋಷಾರೋಪಣ ಪಟ್ಟಿ ಬರುವ ತನಕ, ಸುಮಾರು ಹದಿನಾರು ತಿಂಗಳು, ಕಾನೂನಿನ ಕಣ್ಣಿನಲ್ಲಿ ನಿಮ್ಮ ಮೇಲೆ ಯಾವ ವಿಚಾರಣೆಯೂ ಇರಲಿಲ್ಲ. ಅಷ್ಟು ಕಾಲ ಉಪದಾನ ತಡೆದದ್ದಕ್ಕೆ ಆಧಾರವೇ ಇಲ್ಲ. ಕೇರಳ ರಾಜ್ಯ ವಿರುದ್ಧ ಎಂ. ಪದ್ಮನಾಭನ್ ನಾಯರ್ ಪ್ರಕರಣದಲ್ಲಿ, 1984ರಲ್ಲೇ, ಪಿಂಚಣಿ ಮತ್ತು ಉಪದಾನವನ್ನು ತಪ್ಪಿನಿಂದ ತಡಮಾಡಿದರೆ ಬಡ್ಡಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಬಡ್ಡಿಯ ಬೇಡಿಕೆಯನ್ನು ಪ್ರತ್ಯೇಕ ಮನವಿಯಾಗಿ ಸಲ್ಲಿಸಿ, ನೋಟಿಸಿನ ಉತ್ತರದೊಂದಿಗೆ ಬೆರೆಸಬೇಡಿ. ಭವಿಷ್ಯ ನಿಧಿಯ ಹಣವನ್ನೂ ಹಿಡಿದಿಟ್ಟಿದ್ದರೆ ಅದು ಶುದ್ಧ ತಪ್ಪು. ಆ ಹಣ ನಿಮ್ಮ ಉಳಿತಾಯ, 1925ರ ಭವಿಷ್ಯ ನಿಧಿ ಕಾಯ್ದೆ ಅದನ್ನು ಜಪ್ತಿಯಿಂದಲೂ ಕಾಯುತ್ತದೆ.

ನಿಮ್ಮ ಹೆಂಡತಿಯವರ ಬಗ್ಗೆ. ಕುಟುಂಬ ಪಿಂಚಣಿ ಬೇರೆಯೇ ನಿಯಮದಡಿ, 2002ರ ಕರ್ನಾಟಕ ಸರ್ಕಾರಿ ನೌಕರರ ಕುಟುಂಬ ಪಿಂಚಣಿ ನಿಯಮಗಳಡಿ, ಅವರಿಗೆ ಸ್ವಂತವಾಗಿ ಬರುವ ಹಕ್ಕು. ಅದನ್ನು ಲೆಕ್ಕ ಹಾಕುವುದು ನೀವು ಕೊನೆಯಲ್ಲಿ ಪಡೆದ ವೇತನದ ಮೇಲೆ, ಅದರ ಶೇ. 30ರಂತೆ, ಕಡಿತವಾದ ಪಿಂಚಣಿಯ ಮೇಲಲ್ಲ. 214ರ ಆದೇಶ ದುರ್ನಡತೆ ಎಸಗಿದನೆಂದು ಕಂಡುಬಂದ ಪಿಂಚಣಿದಾರನ ಮೇಲಿನದು. ನೌಕರ ತೀರಿಕೊಂಡರೆ ಅವನ ಮೇಲಿನ ಇಲಾಖಾ ವಿಚಾರಣೆಯೂ ಅಲ್ಲಿಗೇ ಮುಗಿಯುತ್ತದೆ. ಆ ಭಯವನ್ನು ಮನಸ್ಸಿನಿಂದ ತೆಗೆದುಹಾಕಿ, ಅವರಿಗೂ ಇದನ್ನು ಓದಿ ಹೇಳಿ.

2006ರ ಏಪ್ರಿಲ್ 1ರಂದು ಅಥವಾ ನಂತರ ರಾಜ್ಯ ಸೇವೆಗೆ ಸೇರಿ ಹೊಸ ಪಿಂಚಣಿ ಯೋಜನೆಯಲ್ಲಿರುವವರಿಗೆ ಮೇಲಿನ ಮಾತುಗಳು ಹಾಗೆಯೇ ಹೊಂದುವುದಿಲ್ಲ. ಇದು ಹಳೆಯ ಪಿಂಚಣಿಯವರ ಉತ್ತರ.

ಕೊನೆಯದಾಗಿ, ಮುಂದಿನ ಹೆಜ್ಜೆ. ನೋಟಿಸಿನಲ್ಲಿ ಕೊಟ್ಟ ಗಡುವಿನೊಳಗೆ ಉತ್ತರ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಮೊದಲ ಆರೋಪ ಕಾಲಮಿತಿ ಮೀರಿದ್ದು, ಎರಡನೆಯದರಲ್ಲಿ ಗಂಭೀರತೆಯ ತೀರ್ಮಾನವಿಲ್ಲ, ಸಕ್ಷಮ ಪ್ರಾಧಿಕಾರ ಸರ್ಕಾರ ಮಾತ್ರ ಎಂಬ ಕ್ರಮದಲ್ಲಿ ಬರೆಯಿರಿ. ಇವೆಲ್ಲದರ ಹೊರತಾಗಿಯೂ ಕಡಿತ ಅಗತ್ಯವೆಂದು ಸರ್ಕಾರ ಭಾವಿಸಿದರೆ ಅದು ನಿಗದಿತ ಅವಧಿಗೆ, ಕಡಿಮೆ ಪ್ರಮಾಣದಲ್ಲಿರಲಿ ಎಂದು ಪರ್ಯಾಯವಾಗಿ ಕೇಳಿಕೊಳ್ಳಿ. ಹಾಗೆ ಕೇಳುವುದರಿಂದ ತಪ್ಪೊಪ್ಪಿಕೊಂಡಂತೆ ಆಗುವುದಿಲ್ಲ. ಶಿಕ್ಷೆಯ ಪ್ರಮಾಣದಲ್ಲಿ ನ್ಯಾಯಾಲಯಗಳು ತೀರಾ ವಿಪರೀತವಾದಾಗ ಮಾತ್ರ ಕೈ ಹಾಕುತ್ತವೆ, ಆದ್ದರಿಂದ ಪ್ರಮಾಣದ ಮಾತನ್ನು ಸರ್ಕಾರದ ಮುಂದೆಯೇ ಹೇಳಿಬಿಡುವುದು ಒಳ್ಳೆಯದು.

ಈ ಹಂತದಲ್ಲೇ ನ್ಯಾಯಮಂಡಳಿಗೆ ಹೋಗಬಹುದೇ ಎಂದರೆ, ಬರೀ ನೋಟಿಸಿನ ಮೇಲೆ ಮಧ್ಯಪ್ರವೇಶಿಸಲು ಸಾಮಾನ್ಯವಾಗಿ ಹಿಂಜರಿಯುತ್ತಾರೆ. ಅಧಿಕಾರವೇ ಇಲ್ಲದೆ ಕೊಟ್ಟ ನೋಟಿಸು ಅದಕ್ಕೆ ಅಪವಾದ. ಸರ್ಕಾರದ ಮಂಜೂರಾತಿ ಇರಲಿಲ್ಲ ಎಂದು ದಾಖಲೆಯಿಂದ ಗೊತ್ತಾದರೆ ಈಗಲೇ ಹೋಗಿ, ಇಲ್ಲವಾದರೆ ಅಂತಿಮ ಆದೇಶಕ್ಕೆ ಕಾಯಿರಿ. ಸರ್ಕಾರವೇ ಮಾಡಿದ ಆದೇಶವಾದರೆ ನೀವು ಹೋಗಬೇಕಾದದ್ದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ. ಅದರ ಪೀಠಗಳು ಬೆಂಗಳೂರಿನಲ್ಲಿ, ಬೆಳಗಾವಿಯಲ್ಲಿ, ಕಲಬುರಗಿಯಲ್ಲಿ ಇವೆ. 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ 21ನೇ ಕಲಮಿನಂತೆ ಅಂತಿಮ ಆದೇಶದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಅಲ್ಲಿಯೂ ಸೋತರೆ ಹೈಕೋರ್ಟಿನ ವಿಭಾಗೀಯ ಪೀಠವಿದೆ. ಸಚಿವರಿಗೆ, ಕಾರ್ಯದರ್ಶಿಗೆ ಮನವಿ ಮೇಲೆ ಮನವಿ ಕೊಡುತ್ತಾ ಆ ಒಂದು ವರ್ಷವನ್ನು ಕಳೆದುಕೊಂಡವರು ಬಹಳ ಮಂದಿ. ಮನವಿಗೆ ಉತ್ತರ ಬರಲಿಲ್ಲ ಎಂಬುದರಿಂದ ಅವಧಿ ತಾನಾಗಿ ವಿಸ್ತರಿಸುವುದಿಲ್ಲ. ಅರ್ಜಿ ಹಾಕುವಾಗ ಮಧ್ಯಂತರ ತಡೆಯನ್ನೂ ಕೇಳಿ, ಪ್ರಕರಣ ನಡೆಯುವಷ್ಟು ಕಾಲ ಈಗ ಬರುತ್ತಿರುವ ಮೊತ್ತ ಕಡಿಮೆಯಾಗದಂತೆ ಆದೇಶ ಪಡೆಯಲು ಪ್ರಯತ್ನಿಸಿ. ದೋಷಾರೋಪಣ ಪಟ್ಟಿ, ಅದು ಬಂದ ಅಂಚೆ ಲಕೋಟೆ, ವಿಚಾರಣಾ ವರದಿ, ನೋಟಿಸು, ನಿವೃತ್ತಿ ಆದೇಶ ಮತ್ತು ತಾತ್ಕಾಲಿಕ ಪಿಂಚಣಿ ಮಂಜೂರಾತಿ ಪತ್ರ, ಇವುಗಳ ಮೂಲ ಪ್ರತಿಗಳನ್ನು ಯಾರ ಕೈಗೂ ಕೊಡಬೇಡಿ, ವಕೀಲರಿಗೂ ನಕಲು ಸಾಕು.